ಶೇಷಪ್ಪಗೌಡರ ಮನೆಯ ಪಿಸ್ತೂಲು

ಆಯುಧವೊಂದನ್ನು ಕೈಗೆತ್ತಿಕೊಂಡ ಗಳಿಗೆಯಲ್ಲಿ ಮನುಷ್ಯನಿಗೆ ತನ್ನ ಬಲಕ್ಕಿಂತ ತನ್ನ ಹೊಣೆಯ ಅರಿವು ಹೆಚ್ಚಾಗಿ ಆಗುತ್ತದೆ. ಹೀಗೆಂದು ನಾನು ಎನ್‌ಸಿಸಿ ಮಕ್ಕಳಿಗೆ ವರ್ಷಗಟ್ಟಲೆ ಪಾಠ ಹೇಳಿದ್ದೇನೆ. ಕಣ್ಣಾರೆ ಕಂಡದ್ದು ಬೇರೆ. ಅವನಿಗೆ ಮೊದಲು ಆಗುವುದು ಒಮ್ಮೆ ಟ್ರಿಗರ್ ಎಳೆದು ನೋಡಬೇಕೆಂಬ ಆಸೆ. ಹೊಣೆಯ ಅರಿವು, ಬರುವುದಿದ್ದರೆ, ಕಾಫಿ ಕುಡಿದ ಮೇಲೆ ಬರುತ್ತದೆ.

ಮೊನ್ನೆ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹತ್ತಿರ ದರ್ಜಿಯೊಬ್ಬನ ಅಂಗಡಿಯಲ್ಲಿ ಕೂತಿದ್ದೆ. ನಿವೃತ್ತಿಯಾದ ಮೇಲೆ ನನ್ನ ಪ್ಯಾಂಟುಗಳೆಲ್ಲ ಒಮ್ಮತದಿಂದ ಸೊಂಟದಲ್ಲಿ ಬಿಗಿಯಾಗಿವೆ. ಅವುಗಳನ್ನು ಸಡಿಲ ಮಾಡಿಸಿಕೊಳ್ಳಲು ಹೋಗಿದ್ದು. ದರ್ಜಿ ಉದ್ದ ಮೂತಿಯ ಪುಟ್ಟ ಡಬ್ಬಿಯಿಂದ ಹೊಲಿಗೆಯಂತ್ರಕ್ಕೆ ಎರಡು ಹನಿ ಎಣ್ಣೆ ಬಿಟ್ಟ. ಆ ವಾಸನೆ ಮೂಗಿಗೆ ಬಡಿದದ್ದೇ ಹಿರೇಕೊಡಿಗೆಯ ಶೇಷಪ್ಪಗೌಡರ ಜಗಲಿ, ಅದರ ಮೇಲೆ ಹಾಸಿದ ಹಳೆಯ ಟವೆಲ್ಲು, ಟವೆಲ್ಲಿನ ಮೇಲೆ ಬಿಚ್ಚಿಟ್ಟ ಪಿಸ್ತೂಲು ಎಲ್ಲ ಕಣ್ಣಮುಂದೆ ಬಂದವು. ಆ ವರ್ಷವನ್ನು ನೆನೆಸಿಕೊಂಡರೆ ನನಗೆ ಈಗಲೂ ಆಯಾಸವಾಗುತ್ತದೆ. ದರ್ಜಿ "ಎಂತ ಸರ್, ನಿದ್ರೆ ಬಂತಾ?" ಎಂದು ಕೇಳಿದ. ಹೌದೆಂದೆ. ವಿವರಿಸುವುದಕ್ಕಿಂತ ಅದು ಸುಲಭ.

ಆಗ ನಾನು ಕೊಪ್ಪದ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ಜೊತೆಗೆ ಎನ್‌ಸಿಸಿ ಅಧಿಕಾರಿ. ಈ ಎರಡನೆಯ ಪದವಿ ನನ್ನ ಶೌರ್ಯಕ್ಕೆ ಸಂದದ್ದಲ್ಲ. ಪ್ರಿನ್ಸಿಪಾಲರು ಆ ವಿಷಯ ಎತ್ತಿದ ಸಭೆಗೆ ನಾನು ತಡವಾಗಿ ಬಂದಿದ್ದೆ, ಅಷ್ಟೇ. ಹೀಗಾಗಿ ಬೆಳಿಗ್ಗೆ ಹಳಗನ್ನಡದ ವೀರರು ಬಾಣ ಬಿಡುವುದನ್ನು ವಿವರಿಸಿ, ಸಂಜೆ ಖಾಕಿ ತೊಟ್ಟು ಪಾಯಿಂಟ್ ಟೂ ಟೂ ರೈಫಲ್ಲಿನ ಗುರಿ ಕಲಿಸುತ್ತಿದ್ದೆ. ಎರಡರಲ್ಲಿಯೂ ನನಗೆ ಪುಸ್ತಕದ ಜ್ಞಾನ ಮಾತ್ರ ಇತ್ತು.

ನಯನಾ ಎರಡನೆಯ ಬಿ.ಎ.ಯಲ್ಲಿದ್ದಳು. ಶೇಷಪ್ಪಗೌಡರ ಮೊಮ್ಮಗಳು, ಅಪ್ಪ ಇರಲಿಲ್ಲ, ಅಜ್ಜನೇ ಮನೆಯ ಯಜಮಾನ. ಹಿಂದಿನ ವರ್ಷದ ಕ್ಯಾಂಪಿನಲ್ಲಿ ಅವಳು ಮಲಗಿ ಹೊಡೆದ ಐದು ಗುಂಡುಗಳೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಿದ್ದವು. ಆ ಗುರಿಯ ಕಾಗದವನ್ನು ನೋಡಿದ ಯಾರೋ ಸುಬೇದಾರರು, "ಇದನ್ನೊಂದು ಹಿಡಿದು ನೋಡು" ಎಂದು ಅವಳ ಕೈಗೆ ಗುರಿ ಸ್ಪರ್ಧೆಯ ಪಿಸ್ತೂಲು ಕೊಟ್ಟರು. ಒಂದೇ ಕೈಯಲ್ಲಿ, ನಿಂತು, ಇಪ್ಪತ್ತೈದು ಮೀಟರ್ ದೂರಕ್ಕೆ ಹೊಡೆಯುವುದು. ಹೊಡೆದಳು. ಅಲ್ಲಿಂದ ಬಂದವಳಿಗೆ ರೈಫಲ್ ಬೇಡವಾಯಿತು.

"ಸರ್, ರಾಜ್ಯದ ಕಿರಿಯರ ತಂಡಕ್ಕೆ ದೀಪಾವಳಿ ಕಳೆದ ಮೇಲೆ ಆಯ್ಕೆ ಉಂಟಂತೆ. ನಂಗೆ ಇದೊಂದೇ ವರ್ಷ ಇರೋದು."

ಇಪ್ಪತ್ತೊಂದು ತುಂಬಿದರೆ ಕಿರಿಯರ ವಿಭಾಗ ಮುಗಿಯಿತು. ಹಿರಿಯರಲ್ಲಿ ಎದುರಾಗುವವರು ಸೈನ್ಯದವರು, ಪೊಲೀಸಿನವರು. ಸರ್ಕಾರದ ಗುಂಡುಗಳನ್ನು ದಿನವಿಡೀ ಸುಟ್ಟು ಪಳಗಿದವರು. ಒಮ್ಮೆ ತಂಡದೊಳಗೆ ಕಾಲಿಟ್ಟರೆ ತರಬೇತಿ, ತೋಟಾ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ಹೊರಗುಳಿದರೆ ಹೊರಗೇ. ಆದರೆ ಆಯ್ಕೆಗೆ ಹೋಗುವವರು ಪಿಸ್ತೂಲು ತಾವೇ ತರಬೇಕು. ನಮ್ಮ ಕಾಲೇಜಿನಲ್ಲಿದ್ದದ್ದು ಮರದ ಡಮ್ಮಿ ರೈಫಲ್ಲುಗಳು ಮತ್ತು ಒಂದು ಬ್ಯೂಗಲ್.

ನಾನು ಗೌಡರ ಜಗಲಿಗೆ ನಿಯೋಗ ಹೋದೆ.

"ಮೇಷ್ಟ್ರೇ, ಮನೇಲಿ ಕೇಪಿನ ಕೋವಿ ಒಂದಿದೆ, ತೋಟಾ ಕೋವಿ ಒಂದಿದೆ. ಅದ್ರಲ್ಲಿ ಎಂತ ಕಮ್ಮಿ ಆಯ್ತು?" ಎಂದರು ಗೌಡರು.

"ಅವು ಸ್ಪರ್ಧೆಗೆ ಆಗಲ್ಲ ಗೌಡ್ರೇ. ಅಲ್ಲಿ ಕಾಗದಕ್ಕೆ ಹೊಡೀಬೇಕು."

"ನಮ್ಮಪ್ಪ ಓಡೋ ಹಂದಿಗೇ ಹೊಡೀತಿದ್ದರಂತೆ. ಕಾಗದ ಓಡುತ್ತಾ?"

"ಇಲ್ಲ, ನಿಂತಿರುತ್ತೆ."

"ನಿಂತಿದ್ದಕ್ಕೆ ಹೊಡೆಯೋಕೆ ಬೇರೆ ಕೋವಿ ಎಂತಕ್ಕೆ ಮಾರಾಯ್ರೆ?"

ಬಾಗಿಲ ಬಳಿ ನಿಂತಿದ್ದ ನಯನಾ ಹೇಳಿದಳು: "ಕಾಗದ ನಿಂತಿರುತ್ತೆ ಅಜ್ಜ. ನನ್ನ ಕೈ ನಿಂತಿರಲ್ಲ. ಅದಕ್ಕೇ."

ಗೌಡರು ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆಯ ಕವಳ ಉಗಿದು ಬಂದರು. ಅದು ಒಪ್ಪಿಗೆಯ ಲಕ್ಷಣ. ಆ ವರ್ಷ ವೆನಿಲ್ಲಾಕ್ಕೆ ಹುಚ್ಚು ಬೆಲೆ ಬಂದಿತ್ತು; ಗೌಡರ ಕೈಯಲ್ಲಿ ಸ್ವಲ್ಪ ದುಡ್ಡು ಓಡಾಡುತ್ತಿತ್ತು. "ಹೊಸದು, ಫಾರಿನ್ನು ಅಂತೆಲ್ಲ ಹೇಳಬೇಡಿ. ಕೈಗೆ ಎಟಕೋ ಹಂಗೆ ಒಂದು ನೋಡಿ. ನೀವೇ ಆರಿಸ್ಬೇಕು, ನಿಮಗೆ ಗೊತ್ತಲ್ಲ" ಎಂದರು. ನನಗೆ ಗೊತ್ತಿಲ್ಲ ಎಂದು ಹೇಳಲು ಅದು ಸಮಯವಾಗಿರಲಿಲ್ಲ. ಎದುರಿಗೆ ಕಾಫಿ ಬಂದಿತ್ತು.

ಲೈಸೆನ್ಸು ನಯನಾಳ ಹೆಸರಿಗೆ ಸಿಗುವಂತಿರಲಿಲ್ಲ, ವಯಸ್ಸು ಸಾಲದು. ಅಜ್ಜನ ಹೆಸರಿಗೆ ಮಾಡಿಸಿ, ದೊಡ್ಡವರ ಮೇಲ್ವಿಚಾರಣೆಯಲ್ಲಿ ಅವಳು ಅಭ್ಯಾಸ ಮಾಡಬಹುದೆಂದು ಕಚೇರಿಯವರೇ ದಾರಿ ತೋರಿಸಿದರು. ಹೀಗೆ ಶೇಷಪ್ಪಗೌಡರು ಎಪ್ಪತ್ತು ದಾಟಿದ ಮೇಲೆ ಗುರಿಕಾರರ ಸಂಘವೊಂದರ ಸದಸ್ಯರಾದರು. ವಿಚಾರಣೆಗೆ ಬಂದ ಪೊಲೀಸ್ ಪೇದೆ ಜಗಲಿಯಲ್ಲಿ ಕೂತು ಕೇಳಿದ:

"ಗೌಡ್ರೇ, ಪಿಸ್ತೂಲು ಯಾವ ಬೆಳೆ ರಕ್ಷಣೆಗೆ?"

"ಬೆಳೆಗಲ್ಲಪ್ಪ. ಆಟಕ್ಕೆ."

"ಈ ವಯಸ್ಸಲ್ಲಿ ಎಂತ ಆಟ ಗೌಡ್ರೇ!"

ಗೌಡರು ಅಂದು ಅವನಿಗೆ ಎರಡನೆಯ ಲೋಟ ಕಾಫಿ ಕೊಡಿಸಲಿಲ್ಲ. ಆದರೂ ಲೈಸೆನ್ಸು ಬಂತು. ಬರುವಷ್ಟರಲ್ಲಿ ಮಾವಿನ ಮಿಡಿ ಉಪ್ಪಿಗೆ ಬಿದ್ದು, ಆಷಾಢದ ಮಳೆ ಹಿಡಿದಿತ್ತು.

ಆರಿಸುವ ಕೆಲಸ ಶುರುವಾದದ್ದು ಶಿವಮೊಗ್ಗದ ಒಂದು ಕೋವಿ ಅಂಗಡಿಯಲ್ಲಿ. ಅಂಗಡಿಯವನು ನಮ್ಮೆದುರು ಗಿಡ್ಡ ನಳಿಗೆಯ ರಿವಾಲ್ವರೊಂದನ್ನು ಕೆಂಪು ಮಖಮಲ್ಲಿನ ಮೇಲಿಟ್ಟ. "ಹೊಸದು ಸರ್. ಲೇಡೀಸ್ ಕೈಗೆ ಹೇಳಿ ಮಾಡಿಸಿದ ಹಾಗಿದೆ. ಪರ್ಸಿನಲ್ಲಿ ಇಡಬಹುದು."

"ಪರ್ಸಿಗೆ ಗುರಿ ಇಡೋದಲ್ಲ ಅಣ್ಣಾ," ಎಂದಳು ನಯನಾ. "ಗುರಿ ನೋಡೋ ಮುಂದಿನ ಮೊನೆ, ಹಿಂದಿನ ಕಚ್ಚು ಎರಡನ್ನೂ ಸರಿಸೋಕಾಗಲ್ಲ ಇದ್ರಲ್ಲಿ. ಗುಂಡು ಎಡಕ್ಕೆ ಬಿದ್ದರೆ ಎಂತ ಮಾಡೋದು?"

"ನೀವು ಸ್ವಲ್ಪ ಬಲಕ್ಕೆ ಹಿಡೀರಿ."

ಇನ್ನೊಂದು ಇತ್ತು, ಹೊರದೇಶದ್ದು, ಎಲ್ಲ ಸರಿಯಾದದ್ದು. ಅದರ ಬೆಲೆಯನ್ನು ಅಂಗಡಿಯವನು ಬಾಯಲ್ಲಿ ಹೇಳದೆ ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದ. ಗೌಡರು ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿ, "ಬಸ್ಸು ಎಷ್ಟೊತ್ತಿಗೆ ಮೇಷ್ಟ್ರೇ?" ಎಂದರು.

ಕೊನೆಗೆ ದಾರಿ ಸಿಕ್ಕಿದ್ದು ಶೃಂಗೇರಿಯ ಆಚೆ ನೆಮ್ಮಾರಿನಲ್ಲಿ. ಸೈನ್ಯದಿಂದ ನಿವೃತ್ತರಾಗಿ ಬಂದು ಕಾಫಿ ಗಿಡ ಸವರಿಕೊಂಡಿದ್ದ ಮೇಜರ್ ಒಬ್ಬರು ಹಿಂದೆ ಸ್ಪರ್ಧೆಗಳಿಗೆ ಹೋಗುತ್ತಿದ್ದವರು. ಮೊಣಕೈ ನೋವಿನಿಂದ ಬಿಟ್ಟಿದ್ದರು. ಅವರ ಹಳೆಯ ಪಿಸ್ತೂಲು ಮಾರಾಟಕ್ಕಿತ್ತು. ಮೇಜರರು ಅದನ್ನು ಮಾರುವ ಮೊದಲು ನಯನಾಳ ಕೈಗೆ ಕೊಟ್ಟು ಅವಳನ್ನು ಅಂಗಳದಲ್ಲಿ ನಿಲ್ಲಿಸಿದರು.

"ಆ ತೆಂಗಿನ ಮರದ ಬುಡದಲ್ಲಿ ಬಿಳಿ ಸುಣ್ಣದ ಪಟ್ಟಿ ಇದೆಯಲ್ಲ, ನೋಡಿಕೋ. ಈಗ ಕಣ್ಣು ಮುಚ್ಚು. ಕೈ ಎತ್ತು. ಎತ್ತಿದೆಯಾ? ಕಣ್ಣು ಬಿಡು. ಎಲ್ಲಿ ತೋರಿಸ್ತಾ ಇದೆ?"

"ಸ್ವಲ್ಪ ಎಡಕ್ಕೆ ಸರ್. ದನದ ಕೊಟ್ಟಿಗೆಗೆ."

"ಪಿಸ್ತೂಲಿನ ಹಿಡಿ ನನ್ನ ಕೈ ಅಳತೆಯದ್ದು. ನಿನಗೆ ದೊಡ್ಡದಾಯಿತು. ಹಿಡಿಯನ್ನು ಉಜ್ಜಿ ಸಣ್ಣ ಮಾಡಬಹುದು. ನಳಿಗೆಯನ್ನು, ಟ್ರಿಗರನ್ನು ಹಾಗೆ ಮಾಡಲಿಕ್ಕಾಗಲ್ಲ, ಅವು ಮೊದಲೇ ಸರಿ ಇರಬೇಕು. ಇವು ಸರಿ ಇವೆ. ಹೊಸಬರು ಹೊಳಪು ನೋಡ್ತಾರೆ. ನೀನು ಅದನ್ನು ನೋಡಬೇಡ. ಮೂತಿ ಭಾರವಾಗಿ ಕೆಳಗೆ ಎಳೀತದಾ ನೋಡು, ತೋಟಾ ಎಲ್ಲಿ ಸಿಗ್ತದೆ ಕೇಳು, ಸ್ಪ್ರಿಂಗ್ ಮುರಿದರೆ ಇನ್ನೊಂದು ಉಂಟಾ ಕೇಳು."

"ಉಂಟಾ ಸರ್?"

"ಎರಡು ಉಂಟು. ಪಿಸ್ತೂಲಿಗಿಂತ ಜೋಪಾನವಾಗಿ ಇಟ್ಟಿದ್ದೇನೆ."

ಗೌಡರಿಗೆ ಮೇಜರರ ಮೇಲೆ ಕೂಡಲೆ ಗೌರವ ಹುಟ್ಟಿತು. ದನ ಕೊಳ್ಳುವಾಗ ತಾವೂ ಹೀಗೇ ಕೇಳುವುದೆಂದರು. ವ್ಯಾಪಾರ ಊಟದ ಮೊದಲೇ ಮುಗಿಯಿತು.

ಹೊರಡುವಾಗ ಮೇಜರರು ಸುಟ್ಟ ಖಾಲಿ ತೋಟಾ ಒಂದನ್ನು ನಯನಾಳ ಅಂಗೈಯಲ್ಲಿಟ್ಟರು. "ದಿನಾ ಗುಂಡು ಹೊಡೆಯೋಕೆ ನಿನ್ನ ಹತ್ತಿರ ತೋಟಾ ಇಲ್ಲ. ಗುಂಡಿಲ್ಲದೇ ಅಭ್ಯಾಸ ಮಾಡ್ಬೇಕು. ಆವಾಗ ಈ ಖಾಲಿ ತೋಟಾ ಒಳಗೆ ಇರಲೇಬೇಕು. ಇದರ ತೋಟಾಕ್ಕೆ ಪಿನ್ನು ಹೊಡೆಯೋದು ನಡುವಿಗಲ್ಲ, ಅಂಚಿಗೆ. ಒಳಗೆ ಏನೂ ಇಲ್ಲದೆ ಟ್ರಿಗರ್ ಎಳೆದರೆ ಆ ಏಟು ನಳಿಗೆಯ ಹಿಂದಿನ ಬಾಯಿಗೇ, ತೋಟಾ ತೂರಿಸೋ ಕಡೆಗೇ, ಬೀಳ್ತದೆ. ನಾಲ್ಕು ಸಲ ಬಿದ್ದರೆ ಬಾಯಿ ಜಜ್ಜಿ ಹೋಗ್ತದೆ. ತಿಳೀತಾ ಗೌಡ್ರೇ?"

"ತಿಳೀತು ತಿಳೀತು," ಎಂದರು ಗೌಡರು. ಅವರು ಆಗ ಮೇಜರರ ಏಲಕ್ಕಿ ಗಿಡ ನೋಡುತ್ತಿದ್ದರು.

ಶ್ರಾವಣ, ಭಾದ್ರಪದ ಎರಡೂ ಚೆನ್ನಾಗಿ ನಡೆದವು. ನಯನಾ ಮರಳುಕಾಗದ ತಂದು ಹಿಡಿಯನ್ನು ತಾನೇ ಉಜ್ಜಿ, ಹೆಚ್ಚು ಉಜ್ಜಿದಲ್ಲಿ ಮರದ ಪುಡಿ ಅಂಟು ಕಲೆಸಿ ತುಂಬಿ, ಅಂತೂ ಕಣ್ಣು ಬಿಟ್ಟರೆ ಮೂತಿ ನೆಟ್ಟಗೆ ತೋರಿಸುವಂತೆ ಮಾಡಿಕೊಂಡಳು. ಸಂಘದಿಂದ ಸಿಕ್ಕ ತೋಟಾಗಳಲ್ಲಿ ಅರ್ಧ ತೆಗೆದಿಟ್ಟು, ಉಳಿದರ್ಧವನ್ನು ಭಾನುವಾರಗಳಂದು ಕಾಲೇಜಿನ ಹಿಂದಿನ ಮಣ್ಣಿನ ದಿಬ್ಬಕ್ಕೆ ಹೊಡೆದಳು. ನಾನು ಛತ್ರಿ ಹಿಡಿದು ನಿಂತು ಮೇಲ್ವಿಚಾರಣೆ ಮಾಡಿದೆ. ಕಾಗದದ ನಡುವಿನ ಕಪ್ಪು ಭಾಗ ವಾರದಿಂದ ವಾರಕ್ಕೆ ಹೆಚ್ಚು ಚಿಂದಿಯಾಗುತ್ತಿತ್ತು. ಹಿಂದಿನ ವರ್ಷ ತಂಡಕ್ಕೆ ಆಯ್ಕೆಯಾದವರ ಅಂಕಗಳನ್ನು ಮೇಜರರಿಂದ ತಿಳಿದುಕೊಂಡಿದ್ದೆವು. ನಯನಾ ಅದನ್ನು ಎರಡು ಭಾನುವಾರ ದಾಟಿದಳು. ನಾನು ಜೀವನದಲ್ಲಿ ಮೊದಲ ಬಾರಿಗೆ ನನ್ನ ಖಾಕಿಯ ಬಗ್ಗೆ ನಾಚಿಕೆಯಿಲ್ಲದೆ ಬಸ್ಸಿನಲ್ಲಿ ಕೂತು ಮನೆಗೆ ಹೋದೆ.

ಇಲ್ಲಿ ನಮ್ಮ ಕಡೆಯ ಒಂದು ಮರ್ಯಾದೆಯ ಬಗ್ಗೆ ಹೇಳಬೇಕು. ಕೊಪ್ಪ, ಶೃಂಗೇರಿ ಕಡೆ ಕೋವಿಯಿರುವ ಮನೆಗೆ ಬಂದ ನೆಂಟರಿಗೆ ಕಾಫಿ, ಕವಳ ಆದ ಮೇಲೆ ಕೋವಿ ತೋರಿಸುವ ಪದ್ಧತಿಯಿದೆ. ನೆಂಟ ಅದನ್ನು ಎರಡು ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ತೆರೆಯುತ್ತಾನೆ. ಒಳಗೆ ತೋಟಾ ಇಲ್ಲವೆಂದು ಬೆಳಕಿಗೆ ಹಿಡಿದು ನೋಡುತ್ತಾನೆ, ಇದ್ದರೆ ತೆಗೆಯುತ್ತಾನೆ. ಮುಚ್ಚಿ, ಮೇಲೆ ಮಾಡಿನ ಕಡೆ ಮೂತಿ ಮಾಡಿ, ಟ್ರಿಗರ್ ಎಳೆದು ಟಕ್ ಎನ್ನಿಸುತ್ತಾನೆ. ಆಮೇಲೆ ಕಿವಿಯಿಟ್ಟು ಆ ಸದ್ದನ್ನು ಆಸ್ವಾದಿಸಿ, "ಕುದುರೆ ಬಿಗಿ ಇದೆ ಮಾರಾಯ್ರೆ" ಎಂದು ತೋಟಾಕ್ಕೆ ಬಡಿಯುವ ಕೀಲನ್ನು ಹೊಗಳುತ್ತಾನೆ. ಹಾಗೆ ಹೇಳದೆ ವಾಪಸು ಕೊಡುವುದೆಂದರೆ ಬಡಿಸಿದ ಪಾಯಸವನ್ನು ಮೂಸಿ ಬಿಟ್ಟ ಹಾಗೆ. ಇದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇಲ್ಲ. ಒಂದೊಂದು ಹೆಜ್ಜೆಯೂ ಎಚ್ಚರಿಕೆಯದು. ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿಕೊಟ್ಟು ಬಂದದ್ದು.

ಪಿಸ್ತೂಲು ಲೈಸೆನ್ಸಿನ ಪ್ರಕಾರ ಗೌಡರದು. ಅದು ಇರುತ್ತಿದ್ದದ್ದು ಅವರ ಬೀರುವಿನಲ್ಲಿ, ಬೀಗದ ಕೈ ಅವರ ಉಡಿದಾರದಲ್ಲಿ. ನಯನಾ ಬೆಳಿಗ್ಗೆ ಬಸ್ಸಿಗೆ ಹೋದರೆ ಬರುತ್ತಿದ್ದದ್ದು ಸಂಜೆಗೆ. ಮಳೆ ಸ್ವಲ್ಪ ಹೊಳವಾಗಿ, ದಸರೆ ಹತ್ತಿರ ಬಂದು, ನೆಂಟರ ಓಡಾಟ ಶುರುವಾಗಿತ್ತು. ಹಿರೇಕೊಡಿಗೆಯ ಗೌಡರ ಮನೆಯಲ್ಲಿ ಪಿಸ್ತೂಲು ಇದೆ ಎಂಬ ಸುದ್ದಿ ಸೀತೂರಿನವರೆಗೂ ಹೋಗಿತ್ತು. ಒಮ್ಮೆ ನಾನೂ ಜಗಲಿಯಲ್ಲಿದ್ದಾಗ ಸೀತೂರಿನಿಂದ ಗೌಡರ ಭಾವಮೈದುನ ಬಂದರು.

"ಎಂಥದು ಭಾವ ಇದು, ಇಷ್ಟು ಸಣ್ಣ? ಹಂದಿ ಬೀಳುತ್ತಾ?"

"ಹಂದಿಗಲ್ಲ ಮಾರಾಯ, ಕಾಗದಕ್ಕೆ."

"ಕಾಗದ ನಿಮಗೆ ಎಂತ ಮಾಡಿತ್ತು?"

ಗೌಡರು ನಕ್ಕರು. ಭಾವಮೈದುನ ಪದ್ಧತಿಯಂತೆ ತೆರೆದರು, ಒಳಗಿದ್ದ ಖಾಲಿ ತೋಟಾವನ್ನು ಕಂಡು ಬೆಚ್ಚಿದರು. "ಹೋ! ತುಂಬಿಸಿಟ್ಟಿದ್ದೀರಿ! ಮಕ್ಕಳು ಮರಿ ಇರೋ ಮನೇಲಿ!"

"ಅದು ಖಾಲಿದು. ಅದು ಒಳಗೇ ಇರ್ಬೇಕು, ಮೇಜರ್ರು ಗೌಡ್ರಿಗೆ ಹೇಳಿದ್ದಾರೆ," ಎಂದೆ ನಾನು.

"ಖಾಲಿಯೋ ಭರ್ತಿಯೋ, ತೋಟಾ ತೋಟಾವೇ ಮೇಷ್ಟ್ರೇ. ನೀವು ಪುಸ್ತಕದವರು," ಎಂದು ಅವರು ಅದನ್ನು ತೆಗೆದು ಕವಳದ ತಟ್ಟೆಯಲ್ಲಿಟ್ಟು, ಮಾಡಿನ ಕಡೆ ಮೂತಿ ಮಾಡಿ ಟಕ್ ಎನ್ನಿಸಿದರು. "ಬಿಗಿ ಇದೆ."

"ಇನ್ನೊಂದ್ಸಲ ನೋಡು, ಬಾಳ ನಯ," ಎಂದರು ಗೌಡರು, ಹೆಮ್ಮೆಯಿಂದ.

ಟಕ್.

ನಾನು ಗೌಡರನ್ನು ಒಳಗೆ ಕರೆದು ಮೇಜರರ ಮಾತು ನೆನಪಿಸಿದೆ. ಅವರು ನೊಂದ ಮುಖ ಮಾಡಿದರು. "ಹೆಂಡ್ತಿ ತಮ್ಮ ಮೇಷ್ಟ್ರೇ. ಮನೆಗೆ ಬಂದವ್ರಿಗೆ ಮುಟ್ಟಬೇಡ ಅನ್ನೋಕಾಗುತ್ತಾ? ಇವತ್ತು ಒಂದು ದಿನ." ಆ ಒಂದು ದಿನ ಯಾವಾಗಲೋ ಶುರುವಾಗಿತ್ತೆಂದೂ ಆಯುಧ ಪೂಜೆ ಕಳೆದು ಕಾರ್ತಿಕದವರೆಗೂ ಮುಗಿಯದೆಂದೂ ನನಗೆ ತಿಳಿಯಲಿಲ್ಲ.

ಪೂಜೆಯ ದಿನ ಎರಡು ಕೋವಿಗಳ ನಡುವೆ ಪಿಸ್ತೂಲಿಗೂ ಗಂಧ, ಕುಂಕುಮ, ಸೇವಂತಿಗೆ ಆಯಿತು. ಅಂದು ಊರಿನವರೆಲ್ಲ ಬಂದು ಹೋದರಂತೆ.

ಅದಾದ ಮೇಲೆ ನಯನಾ ಒಂದು ದಿನ ಸ್ಟಾಫ್‌ರೂಮಿಗೆ ಬಂದು, "ಖಾಲಿ ತೋಟಾ ಹಾಕೋವಾಗ ಬಿಗಿ ಆಗ್ತಿದೆ ಸರ್. ಹೆಬ್ಬೆಟ್ಟಲ್ಲಿ ಒತ್ತಬೇಕು" ಎಂದಳು.

"ಥಂಡಿಗೆ ತುಕ್ಕು ಹಿಡಿದಿರಬೇಕು. ಎಣ್ಣೆ ಬಿಡು," ಎಂದೆ. ಅವಳು ಅಮ್ಮನ ಹೊಲಿಗೆಯಂತ್ರದ ಎಣ್ಣೆ ಬಿಟ್ಟಳು. ಮರುದಿನ ಇನ್ನೂ ಸ್ವಲ್ಪ ಬಿಟ್ಟಳು. ನಿಜವಾದ ತೋಟಾಗಳನ್ನು ಆಯ್ಕೆಗೆಂದು ತೆಗೆದಿಟ್ಟದ್ದರಿಂದ ಆ ದಿನಗಳಲ್ಲಿ ಗುಂಡು ಹೊಡೆಯುವುದು ನಿಂತಿತ್ತು.

ದೀಪಾವಳಿ ಮುಗಿದ ಭಾನುವಾರ ಕೊನೆಯ ತಾಲೀಮು. ನಯನಾ ದಿಬ್ಬದ ಎದುರು ನಿಂತು ಮೊದಲ ತೋಟಾ ಹಾಕಿದಳು. ಅದು ಅರ್ಧ ಹೋಗಿ ನಿಂತಿತು. ತೆಗೆದು ಇನ್ನೊಂದು ಹಾಕಿದಳು. ನಿಂತಿತು. ಅವಳು ನನ್ನ ಕಡೆ ನೋಡಲಿಲ್ಲ. ಬೆಳಕಿಗೆ ಹಿಡಿದು ನಳಿಗೆಯ ಬಾಯಿಯನ್ನೇ ನೋಡುತ್ತ ನಿಂತಳು. ಆಮೇಲೆ ಬೆರಳಿನಿಂದ ಅಂಚು ಸವರಿ, "ಮೇಲಿನ ಅಂಚಲ್ಲಿ ಒಂದು ತಗ್ಗು ಬಿದ್ದಿದೆ ಸರ್. ಕಬ್ಬಿಣ ಒಳಗೆ ಬಾಗಿದೆ" ಎಂದಳು.

ಅಲ್ಲಿಂದ ನೇರ ನೆಮ್ಮಾರಿಗೆ ಹೋದೆವು. ಮೇಜರರು ಭೂತಗನ್ನಡಿ ತಂದು ನೋಡಿದರು. ಬೈಯಬಹುದೆಂದು ಕಾದೆ. ಅವರು ಬೈಯುವ ವಯಸ್ಸು ದಾಟಿದ್ದರು.

"ದಸರಾಕ್ಕೆ ಮನೆಗೆ ಎಷ್ಟು ಜನ ಬಂದಿದ್ದರಮ್ಮಾ?"

"ಎಲ್ಲರೂ ಬಂದಿದ್ರು ಸರ್," ಎಂದಳು ನಯನಾ.

ಜಜ್ಜಿದ ಬಾಯಿಯನ್ನು ಒಳಗಿನಿಂದ ಒತ್ತಿ ಸರಿಮಾಡುವ ಸಾಧನ ಬೆಂಗಳೂರಿನಲ್ಲಿ ಒಬ್ಬರ ಬಳಿ ಇತ್ತು. ಆಯ್ಕೆಯ ಹಿಂದಿನ ದಿನ ಅವರ ಮನೆ ಹುಡುಕಿಕೊಂಡು ಹೋದೆವು. ಅವರು ಅರ್ಧ ಗಂಟೆ ತಿರುಗಿಸಿ, ಒತ್ತಿ, ಒರೆಸಿ ಕೊಟ್ಟರು. "ಒಳಗೆ ಹೋಗ್ತದೆ ಈಗ. ಆದ್ರೆ ಜಜ್ಜಿದ ಕಡೆ ತೋಟಾದ ಅಂಚಿಗೆ ಆಧಾರ ಕಮ್ಮಿ. ಎಲ್ಲೋ ಒಂದೊಂದು ಹೊತ್ತಿಕೊಳ್ಳಲ್ಲ. ಅಷ್ಟಕ್ಕೆ ತಯಾರಾಗಿರಿ," ಎಂದರು. ಮಲೆನಾಡಿನವರು ಎಂದು ತಿಳಿದು, ಅಡಿಕೆ ರೇಟು ಹೇಗಿದೆ ಎಂದೂ ಕೇಳಿದರು.

ಆಯ್ಕೆಯ ದಿನ ನಿಧಾನವಾಗಿ ಹೊಡೆಯುವ ಭಾಗದಲ್ಲಿ ನಯನಾಳ ಕೈ ಕಲ್ಲಿನಂತೆ ನಿಂತಿತ್ತು. ನಾನು ಹಿಂದಿನ ಬೆಂಚಿನಲ್ಲಿ ಕೂತು ಒಂದೊಂದು ಗುಂಡಿಗೂ ಉಸಿರು ಹಿಡಿದು ಬಿಡುತ್ತಿದ್ದೆ. ಆ ವಯಸ್ಸಿಗೆ ಅದು ಒಳ್ಳೆಯದಲ್ಲ. ವೇಗದ ಭಾಗ ಬಂತು. ಕಾಗದ ಮೂರು ಸೆಕೆಂಡು ಮುಖ ತೋರಿಸಿ ತಿರುಗಿಕೊಳ್ಳುತ್ತದೆ, ಅಷ್ಟರಲ್ಲಿ ಹೊಡೆಯಬೇಕು. ಮೊದಲ ಸುತ್ತಿನಲ್ಲಿ ಒಂದು ಹೊತ್ತಿಕೊಳ್ಳಲಿಲ್ಲ. ನಿಯಮದಲ್ಲಿ ಮೊದಲ ಸಲಕ್ಕೆ ಮಾಫಿ ಇದೆ, ಸುತ್ತನ್ನು ಮತ್ತೆ ಹೊಡೆಸಿದರು. ನಾಲ್ಕನೆಯ ಸುತ್ತಿನಲ್ಲಿ ಕಾಗದ ತಿರುಗಿತು, ಕೈ ಎದ್ದಿತು, ನಡುಗಲಿಲ್ಲ, ಟ್ರಿಗರ್ ನಯವಾಗಿ ಬಂತು.

ಟಕ್.

ಜಗಲಿಯಲ್ಲಿ ಕೇಳಿದ ಅದೇ ಸದ್ದು. ಬಿಗಿಯಾಗಿಯೇ ಇತ್ತು. ಎರಡನೆಯ ಸಲಕ್ಕೆ ಮಾಫಿ ಇರಲಿಲ್ಲ. ಆ ಗುಂಡಿಗೆ ಸೊನ್ನೆ ಹಾಕಿದರು. ಉಳಿದವನ್ನು ಅವಳು ಚೆನ್ನಾಗಿಯೇ ಹೊಡೆದು ಮುಗಿಸಿ, ಪಿಸ್ತೂಲು ತೆರೆದು, ಒಳಗೆ ಖಾಲಿಯೆಂದು ತೋರಿಸಿ ಮೇಜಿನ ಮೇಲಿಟ್ಟಳು.

ವಾಪಸು ಬರುವ ಬಸ್ಸು ತರೀಕೆರೆ ದಾಟಿದ ಮೇಲೆ ಅವಳು, "ಪಿಸ್ತೂಲಿನ ವಿಷ್ಯ ಅಜ್ಜನಿಗೆ ಹೇಳೋದು ಬೇಡ ಸರ್" ಎಂದಳು.

"ಎಂತಕ್ಕೆ? ತಿಳಿದಿರಲಿ."

"ತಿಳಿದರೆ ಇನ್ನು ಮನೆಗೆ ಬಂದವ್ರಿಗೆ ಕಾಫಿ ಕೊಡೋಕೂ ಹೆದರ್ತಾರೆ."

ಗೌಡರು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. ನಮ್ಮ ಮುಖ ನೋಡಿದ ಮೇಲೂ ಕೇಳಬೇಕಾದ್ದನ್ನು ಕೇಳಿದರು: "ಎಂತಾಯ್ತು ಮಗ?"

"ಕೈ ನಡುಗ್ತು ಅಜ್ಜ."

"ಆಗ್ಲಿ ಬಿಡು. ದೊಡ್ಡ ಊರು, ಹೆದರಿಕೆ ಆಗುತ್ತೆ," ಎಂದು ಅವರು ಅವಳ ಚೀಲ ತಾವು ಹೊತ್ತುಕೊಂಡರು.

ಆ ಚಳಿಗಾಲ ನಾನು ಅವರ ಜಗಲಿಯಲ್ಲಿ ಕೂತಿದ್ದಾಗಲೆಲ್ಲ ಬಂದವರಿಗೆ ಗೌಡರು ಅದನ್ನೇ ಹೇಳುತ್ತಿದ್ದರು. "ಪಿಸ್ತೂಲಿಗೆ ಹೆಸರಿಡಂಗಿಲ್ಲ ಮಾರಾಯ, ನೋಡು ಬೇಕಾದ್ರೆ. ಹುಡುಗಿ ಕೈ ಸ್ವಲ್ಪ ನಡುಗ್ತು." ನಯನಾ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಹಿಡಿದ ತಟ್ಟೆಯಲ್ಲಿ ಲೋಟಗಳು ಒಂದಕ್ಕೊಂದು ತಾಕಿದ ಸದ್ದೂ ಆಗುತ್ತಿರಲಿಲ್ಲ.

ಮುಂದಿನ ಚುನಾವಣೆ ಬಂದಾಗ ತಾಲ್ಲೂಕಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಾಯಿತು. ಗೌಡರು ಎರಡು ಕೋವಿಗಳ ಜೊತೆ ಪಿಸ್ತೂಲನ್ನೂ ಕೊಟ್ಟರು. ಹಿಂದೆ ವಿಚಾರಣೆಗೆ ಬಂದಿದ್ದ ಪೇದೆಯೇ ಮೇಜಿನಲ್ಲಿ ಕೂತಿದ್ದ. ಅವನು ಪಿಸ್ತೂಲನ್ನು ಎರಡು ಕೈಯಲ್ಲಿ ತೆಗೆದುಕೊಂಡು, ತೆರೆದು, ಖಾಲಿಯೆಂದು ಖಚಿತಪಡಿಸಿಕೊಂಡು, ಮಾಡಿನ ಕಡೆ ಮೂತಿ ಮಾಡಿ ಟಕ್ ಎನ್ನಿಸಿದ. "ಬಿಗಿ ಇದೆ ಗೌಡ್ರೇ," ಎಂದ. ಗೌಡರ ಜೊತೆ ಹೋಗಿದ್ದ ನಾನು ರಶೀದಿ ತೆಗೆದುಕೊಂಡೆ. ಚುನಾವಣೆ ಮುಗಿದ ಮೇಲೆ ಗೌಡರು ಕೋವಿಗಳನ್ನು ತಂದುಕೊಂಡರು. ಪಿಸ್ತೂಲನ್ನು ಶಿವಮೊಗ್ಗದ ಅಂಗಡಿಗೆ ಕೊಟ್ಟುಬಿಟ್ಟರು.

ಆ ವರ್ಷದ ಕಿರಿಯರ ತಂಡದಲ್ಲಿ ನಯನಾಳ ಹೆಸರು ಇರಲಿಲ್ಲ. ಫೆಬ್ರವರಿಯಲ್ಲಿ ಅವಳಿಗೆ ಇಪ್ಪತ್ತೊಂದು ತುಂಬಿತು.